ಗರಡಿಮನೆಯ ಒಡೆತನ

(ಶ್ರೀಮಠದ ಮಹೋತ್ಸವಾಂಗವಾಗಿ ವೀರನಹೊಸಹಳ್ಳಿಯ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಠದ ಉತ್ಸವಸಭೆಯಲ್ಲಿ ಮಲ್ಲವಿದ್ಯೆಯ ಪ್ರಸ್ತಾಪವೇಕೆಂದು ಕೆಲವರಿಗೆ ಶಂಕೆಯುಂಟಾಗಬಹುದು. ಆ ಶಂಕೆಗೆ ಆಸ್ಪದವಿಲ್ಲ. ಕಾಯವು ದೃಢವಾಗಿಲ್ಲದವನಿಗೆ ಕಾಯಕವು ದೂರ. ಕಾಯಕವಿಲ್ಲದವನಿಗೆ ದಾಸೋಹವು ಇನ್ನೂ ದೂರ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆ ಒಂದು ಪ್ರಕರಣವೇ ಮೀಸಲಾಗಿದ್ದು, ಮಲ್ಲರ ಆಹಾರವೇನು, ವ್ಯಾಯಾಮವೇನು, ಕಾದಾಡುವ ಕಣವು ಹೇಗಿರಬೇಕು ಎಂಬುದೆಲ್ಲವೂ ಅಲ್ಲಿ ವಿವರಿಸಲ್ಪಟ್ಟಿದೆ. ನಂಜನಗೂಡು ಸೀಮೆಯ ಸುತ್ತೂರು ಶ್ರೀಕ್ಷೇತ್ರದ ಜಾತ್ರೆಯಲ್ಲಿ ಇಂದಿಗೂ ನಾಡಕುಸ್ತಿಯ ಪಂದ್ಯಗಳು ನಡೆಯುತ್ತಿರುವುದು ಎಲ್ಲರೂ ಬಲ್ಲ ಸಂಗತಿಯೇ ಆಗಿದೆ. ಆದುದರಿಂದ ಮಠಕ್ಕೂ ಗರಡಿಗೂ ಇರುವ ನಂಟು ಹೊಸದಲ್ಲ.

ಆದರೆ ಇಂದಿನ ವಿಷಯವು ಕುಸ್ತಿಯ ಪಟ್ಟುಗಳಲ್ಲ. ಗರಡಿಮನೆಯು ಯಾರದು, ಅದನ್ನು ಕಾಪಾಡತಕ್ಕವರು ಯಾರು ಎಂಬುದೇ ವಿಷಯವು. ಇದು ಮೇಲುನೋಟಕ್ಕೆ ಅಲ್ಪವಾದ ಪ್ರಶ್ನೆಯಂತೆ ತೋರಿದರೂ, ಮೈಸೂರು ಸೀಮೆಯ ಗರಡಿಗಳ ಅಳಿವು ಉಳಿವುಗಳು ಈ ಒಂದು ಪ್ರಶ್ನೆಯ ಉತ್ತರವನ್ನು ಅವಲಂಬಿಸಿಕೊಂಡಿವೆ.

ಗರಡಿಯೆಂದರೆ ಏನೆಂಬುದನ್ನು ಹಿರಿಯರಿಗೆ ಹೇಳಬೇಕಾಗಿಲ್ಲ. ತರುಣರಿಗಾಗಿ ಎರಡು ಮಾತು. ಹಳಗನ್ನಡದಲ್ಲಿ ಗರುಡಿಯೆಂದು ಕರೆಯಿಸಿಕೊಂಡ ಈ ಮನೆಯ ಬಾಗಿಲು ಬಹುಮಟ್ಟಿಗೆ ತಗ್ಗಾಗಿರುವುದು; ಎಂತಹ ಜಟ್ಟಿಯಾದರೂ ತಲೆಬಾಗಿಸಿಯೇ ಒಳಹೊಗಬೇಕು. ಒಳಗೆ ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಮುಂತಾದುವನ್ನು ಬೆರೆಸಿ ಹದಗೊಳಿಸಿದ ಅಖಾಡ. ಒಂದು ಮೂಲೆಯಲ್ಲಿ ಗದೆ, ಕಲ್ಲುಗುಂಡು ಮುಂತಾದ ಸಾಮಿನ ಸಲಕರಣೆಗಳು. ಗೋಡೆಯಲ್ಲಿ ಹನುಮನ ಮೂರ್ತಿ. ಈ ಮಣ್ಣು ತಾನಾಗಿಯೇ ಹದವಾಗಿರುವುದಿಲ್ಲ. ಅದನ್ನು ದಿನವೂ ಅಗೆಯಬೇಕು, ಕಲ್ಲು ಆಯಬೇಕು, ನೀರು ಚಿಮುಕಿಸಬೇಕು. ನಾಲ್ಕು ದಿನ ಕೈಬಿಟ್ಟರೆ ಅದು ಬರಿಯ ನೆಲವಾಗಿಬಿಡುವುದು. ಗಾಣದ ಮನೆಯಿಂದ ಎಣ್ಣೆ, ಹೈನಿನ ಮನೆಯಿಂದ ಮಜ್ಜಿಗೆ, ತರುಣರಿಂದ ಗುದ್ದಲಿಯ ಕೆಲಸ, ಹಿರಿಯ ಉಸ್ತಾದರಿಂದ ವಿದ್ಯೆ: ಹೀಗೆ ಊರಿನ ಹತ್ತು ಸಮಸ್ತರ ಕೈ ಕೂಡಿದಲ್ಲಿ ಮಾತ್ರ ಗರಡಿಯು ಗರಡಿಯಾಗಿರುವುದು.

ಈ ವಿದ್ಯೆಗೆ ಅರಸರ ಆಶ್ರಯವೂ ದೊರೆತಿತ್ತು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದ ಬಳಿಕ ಮೈಸೂರು ಸಂಸ್ಥಾನದಲ್ಲಿ ದಸರೆಗೂ ಮಲ್ಲಯುದ್ಧಕ್ಕೂ ಬಿಡದ ನಂಟು ಬೆಳೆಯಿತು. ರಣಧೀರ ಕಂಠೀರವ ನರಸರಾಜ ಒಡೆಯರು ತಾವೇ ಮಹಾಮಲ್ಲರಾಗಿದ್ದರೆಂಬುದು ನಾಡಿನ ಪ್ರತೀತಿ. ಅರಮನೆಯ ಅಂಗಳದಲ್ಲಿ ವಿಜಯದಶಮಿಯಂದು ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗವು, ತಲೆಯಿಂದ ಮೊದಲ ರಕ್ತಬಿಂದು ಚಿಮ್ಮಿದೊಡನೆ ನಿಲ್ಲತಕ್ಕ ಆ ಕಾಳಗವು, ಈ ಪರಂಪರೆಯ ಕುರುಹಾಗಿ ಉಳಿದುಬಂದಿದೆ. ಅರಸರು ಮಲ್ಲರಿಗೆ ಮರ್ಯಾದೆ ಮಾಡಿದರು, ಬಹುಮಾನವಿತ್ತರು, ಅನ್ನವಿಟ್ಟರು.

ಆದರೆ ಒಬ್ಬರ ಆಶ್ರಯದಲ್ಲಿ ನಿಂತ ವಸ್ತುವು ಆ ಒಬ್ಬರ ಕಾಲಾನಂತರ ಏನಾಗತಕ್ಕದ್ದು? ೧೯೪೭ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. ೧೯೭೧ರಲ್ಲಿ ರಾಜಧನವು ರದ್ದಾಯಿತು. ದಸರೆಯು ಸರಕಾರದ ನಾಡಹಬ್ಬವಾಯಿತು. ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ, ಇದೇ ಹುಣಸೂರು ಸೀಮೆಯ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸರ ಹೆಸರಿನ ಕ್ರೀಡಾಂಗಣದಲ್ಲಿ, ದಸರೆಯ ಕುಸ್ತಿಗಳು ನಡೆದು ಗೆದ್ದವರಿಗೆ ದಸರಾ ಕಂಠೀರವ, ದಸರಾ ಕೇಸರಿ ಮುಂತಾದ ಬಿರುದುಗಳು ಸಲ್ಲುತ್ತಿವೆ. ಮಾಜಿ ಕುಸ್ತಿಪಟುಗಳಿಗೆ ಸರಕಾರವು ಮಾಸಾಶನವನ್ನೂ ಕೊಡುತ್ತಿದೆ. ಇವೆಲ್ಲವೂ ಸ್ತುತ್ಯವಾದುವೇ ಸರಿ. ಆದರೆ ಬಿರುದು ಗೆದ್ದವನಿಗೆ, ಮಾಸಾಶನ ಮುದುಕನಿಗೆ. ಇಂದು ಮುಂಜಾನೆ ಐದು ಗಂಟೆಗೆ ಮೊದಲ ಬಾರಿ ಲಂಗೋಟಿ ಕಟ್ಟಿ ನಿಂತ ಹುಡುಗನಿಗೆ ಬೇಕಾದ ಗರಡಿಯನ್ನು ಕಾಯುವವರು ಯಾರು?

ಗರಡಿಗಳು ಕ್ಷೀಣಿಸಿದುದಕ್ಕೆ ಕಾರಣಗಳು ಅನೇಕ. ಹಾಲು, ತುಪ್ಪ, ಬಾದಾಮಿಗಳ ಬೆಲೆಯು ಬಡವನ ಮಗನಿಗೆ ಎಟುಕದಾಯಿತು. ತರುಣರು ಹೊಗೆಸೊಪ್ಪಿನ ಹೊಲಕ್ಕೆ, ಮೈಸೂರಿನ ಕಾರಖಾನೆಗೆ, ಬೆಂಗಳೂರಿನ ಕೆಲಸಕ್ಕೆ ಹೋದರು. ದೇಶಮಟ್ಟದ ಪಂದ್ಯಗಳು ಮಣ್ಣಿನಿಂದ ಮ್ಯಾಟಿಗೆ ಏರಿದುದರಿಂದ ಮಣ್ಣಿನಲ್ಲಿ ಪಳಗಿದವನು ಅಲ್ಲಿ ಹಿಂದಾದನು. ಉಸ್ತಾದರಿಗೆ ವಯಸ್ಸಾಯಿತು, ಅವರ ಶ್ರಮಕ್ಕೆ ಪ್ರತಿಫಲವಿಲ್ಲದುದರಿಂದ ಅವರ ಸ್ಥಾನಕ್ಕೆ ಬರುವವರು ಇಲ್ಲವಾದರು. ಇವೆಲ್ಲಕ್ಕಿಂತಲೂ ಗಂಭೀರವಾದ ಕಾರಣವೊಂದುಂಟು. ಅದು ಮಾತಿಗೆ ಬರುವುದೇ ಅಪೂರ್ವ. ಗರಡಿಯ ನಿವೇಶನವು ಯಾರ ಹೆಸರಿನಲ್ಲಿದೆ? ಪೂರ್ವದಲ್ಲಿ ಯಾರೋ ಪುಣ್ಯಾತ್ಮರು ಬಾಯಿಮಾತಿನಿಂದ ಕೊಟ್ಟರು, ಕಾಗದವಾಗಲಿಲ್ಲ. ಅಥವಾ ಕಾಗದವಾದರೂ ಅಂದಿನ ಉಸ್ತಾದರೊಬ್ಬರ ಹೆಸರಿಗೆ ಆಯಿತು. ಅಂದು ಬೆಲೆಯಿಲ್ಲದ ಆ ನೆಲಕ್ಕೆ ಇಂದು ಲಕ್ಷಗಟ್ಟಲೆ ಬೆಲೆ. ಮೂರನೆಯ ತಲೆಮಾರಿನವರಿಗೆ ಗರಡಿಯ ಮೇಲೆ ಭಕ್ತಿಯಿಲ್ಲ, ಪಹಣಿಯ ಮೇಲೆ ಹಕ್ಕುಂಟು. ಊರೆಲ್ಲವೂ ತನ್ನದೆಂದು ನಂಬಿದ್ದುದು ಒಂದು ದಿನ ಯಾರದೋ ಅಂಗಡಿಯಾಗಿ ಏಳುವಾಗ ಊರಿಗೆ ತಡೆಯುವ ಅಧಿಕಾರವಿರುವುದಿಲ್ಲ. ನಂಬಿಕೆಯು ಒಡೆತನವಲ್ಲವೆಂಬುದು ಅಂದು ತಿಳಿಯುವುದು.

ಈ ಸಭೆಯು ಸೇರಿರುವ ಊರಿನದೇ ಒಂದು ದೃಷ್ಟಾಂತವನ್ನು ಹೇಳಬಹುದು. ದಸರೆಯ ಆನೆಗಳ ಗಜಪಯಣವು ಈ ವೀರನಹೊಸಹಳ್ಳಿಯಿಂದ ಹೊರಡುವ ದಿವಸ ಎಷ್ಟು ಸಂಭ್ರಮ! ಮಂಗಳವಾದ್ಯವೇನು, ಮಂತ್ರಿಗಳ ಪುಷ್ಪಾರ್ಚನೆಯೇನು, ಜನಸಂದಣಿಯೇನು! ಆದರೆ ವರ್ಷದ ಉಳಿದ ದಿವಸಗಳಲ್ಲಿ ಆನೆಯ ಮೈ ತೊಳೆಯುವವರು, ಸೊಪ್ಪು ಹಾಕುವವರು, ಕಾಲಿನ ಹುಣ್ಣಿಗೆ ಮದ್ದು ಹಚ್ಚುವವರು ಮಾವುತರು ಮತ್ತು ಕಾವಾಡಿಗಳು. ಅವರಿಲ್ಲದೆ ಅಂಬಾರಿಯಿಲ್ಲ. ಆಟದ ಸಂಘಗಳ ವಿಷಯದಲ್ಲಿಯೂ ಹೀಗೆಯೇ. ಪಂದ್ಯದ ದಿನ ಕೇಕೆ ಹಾಕುವ ಅಭಿಮಾನವು ಒಂದು. ಪಂದ್ಯವಿಲ್ಲದ ದಿನ ಮಣ್ಣು ಅಗೆಯುವ ಅಭಿಮಾನವು ಇನ್ನೊಂದು. ಮೊದಲನೆಯದು ಎಲ್ಲಿಯೂ ಕಡಿಮೆಯಾಗಿಲ್ಲ. ಎರಡನೆಯದೇ ದುರ್ಲಭವಾಗಿದೆ.

ಈ ಕಷ್ಟವು ಕನ್ನಡನಾಡಿಗೆ ಮಾತ್ರ ಬಂದುದಲ್ಲ. ಲೋಕದ ಬೇರೆ ಬೇರೆ ಕಡೆಗಳಲ್ಲಿ ಜನರು ಇದಕ್ಕೆ ಬೇರೆ ಬೇರೆ ಪರಿಹಾರಗಳನ್ನು ಕಂಡುಕೊಂಡಿದ್ದಾರೆ. ಅಮೆರಿಕ ದೇಶದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಗ್ರೀನ್ ಬೇ ಎಂಬ ಊರುಂಟು. ಅದರ ಜನಸಂಖ್ಯೆಯು ಇಂದಿಗೂ ಒಂದು ಲಕ್ಷಕ್ಕಿಂತ ಸ್ವಲ್ಪವೇ ಹೆಚ್ಚು. ೧೯೧೯ರಲ್ಲಿ ಹುಟ್ಟಿದ ಅಲ್ಲಿನ ಪ್ಯಾಕರ್ಸ್ ಎಂಬ ಫುಟ್‌ಬಾಲ್ ತಂಡವು ಹಣವಿಲ್ಲದೆ ಮುಳುಗುವ ಸ್ಥಿತಿಗೆ ಬಂದಾಗ ಊರಿನವರು ೧೯೨೩ರಲ್ಲಿ ಐದೈದು ಡಾಲರುಗಳ ಪಾಲುಗಳನ್ನು ಕೊಂಡು ಅದನ್ನು ತಮ್ಮದಾಗಿ ಮಾಡಿಕೊಂಡರು. ಆ ಬಳಿಕ ೧೯೩೫, ೧೯೫೦, ೧೯೯೭, ೨೦೧೧ ಮತ್ತು ೨೦೨೧ರಲ್ಲಿಯೂ ಪಾಲುಗಳು ಮಾರಲ್ಪಟ್ಟು, ಈಗ ಪಾಲುದಾರರು ಐದು ಲಕ್ಷಕ್ಕೂ ಮಿಕ್ಕಿರುವರು. ವಿಶೇಷವೇನೆಂದರೆ, ಈ ಪಾಲಿಗೆ ಲಾಭಾಂಶವಿಲ್ಲ. ಇದನ್ನು ಲಾಭಕ್ಕೆ ಮಾರುವಂತಿಲ್ಲ. ಒಬ್ಬನೇ ಮಿತಿಮೀರಿ ಕೊಳ್ಳುವಂತಿಲ್ಲ. ಸಂಸ್ಥೆಯು ಎಂದಾದರೂ ವಿಸರ್ಜಿತವಾದರೆ ಉಳಿದ ಧನವು ಪಾಲುದಾರರಿಗೆ ಹೋಗದೆ ಧರ್ಮಕಾರ್ಯಕ್ಕೆ ಸಲ್ಲಬೇಕು. ಮಾರಿದರೆ ಯಾರಿಗೂ ಲಾಭವಿಲ್ಲವಾದುದರಿಂದ ಮಾರುವ ಆಸೆಯೇ ಯಾರಿಗೂ ಹುಟ್ಟದು. ದೊಡ್ಡ ನಗರಗಳ ಧನಿಕರ ತಂಡಗಳ ನಡುವೆ ಆ ಚಿಕ್ಕ ಊರಿನ ತಂಡವು ನೂರು ವರ್ಷ ಅಲ್ಲಿಯೇ ಉಳಿದುದರ ಗುಟ್ಟು ಇದರಲ್ಲಿ ಅಡಗಿದೆ.

ಇಂಗ್ಲೆಂಡಿನ ವಿಂಬಲ್ಡನ್ ಎಂಬ ಬಡಾವಣೆಯ ಫುಟ್‌ಬಾಲ್ ಸಂಘವನ್ನು ಅದರ ಒಡೆಯರು ದೂರದ ಮಿಲ್ಟನ್ ಕೀನ್ಸ್ ಎಂಬ ಊರಿಗೆ ಎತ್ತಿಕೊಂಡು ಹೋಗಲು ೨೦೦೨ರಲ್ಲಿ ಅನುಮತಿ ದೊರೆಯಿತು. ತಲೆಮಾರುಗಳಿಂದ ಅದನ್ನು ಪ್ರೀತಿಸಿದವರ ಗೋಳಿಗೆ ಬೆಲೆ ಬರಲಿಲ್ಲ. ಆಗ ಆ ಜನರು ಗೋಳಿಡುವುದನ್ನು ಬಿಟ್ಟು, ತಾವೇ ಹಣ ಕೂಡಿಸಿ ಹೊಸ ಸಂಘವನ್ನು ಕಟ್ಟಿ, ಊರಿನ ಹುಲ್ಲುಗಾವಲಿನಲ್ಲಿ ಆಟಗಾರರನ್ನು ಪರೀಕ್ಷಿಸಿ ಆರಿಸಿಕೊಂಡು, ಒಂಬತ್ತನೆಯ ಮೆಟ್ಟಿಲಿನಿಂದ ಆಟವನ್ನು ಪ್ರಾರಂಭಿಸಿದರು. ಒಂಬತ್ತು ವರ್ಷಗಳಲ್ಲಿ ಐದು ಮೆಟ್ಟಿಲುಗಳನ್ನೇರಿ ೨೦೧೧ರಲ್ಲಿ ದೇಶದ ಪ್ರಮುಖ ಪಂಕ್ತಿಯನ್ನು ಸೇರಿದರು. ೨೦೨೦ರಲ್ಲಿ ತಮ್ಮ ಹಳೆಯ ಬೀದಿಯಲ್ಲಿಯೇ ಹೊಸ ಮೈದಾನವನ್ನು ಕಟ್ಟಿಕೊಂಡು ಹಿಂದಿರುಗಿದರು.

ನಮ್ಮ ಭರತಖಂಡದಲ್ಲಿಯೇ ನೋಡುವುದಾದರೆ, ಕಲಕತ್ತೆಯಲ್ಲಿ ೧೮೮೯ರಲ್ಲಿ ಸ್ಥಾಪಿತವಾದ ಮೋಹನ ಬಾಗಾನ್ ಸಂಘವು ೧೯೧೧ರಲ್ಲಿ ಬರಿಗಾಲಿನ ಆಟಗಾರರಿಂದ ಆಂಗ್ಲ ಸೈನಿಕರ ತಂಡವನ್ನು ಗೆದ್ದು ದೇಶಕ್ಕೆ ಕೀರ್ತಿ ತಂದಿತು. ೨೦೨೦ರಲ್ಲಿ ಅದರ ಫುಟ್‌ಬಾಲ್ ವಿಭಾಗದ ಬಹುಪಾಲು ಒಂದು ವ್ಯಾಪಾರಸಂಸ್ಥೆಯ ಕೈಸೇರಿ, ಪುರಾತನವಾದ ಹೆಸರಿನ ಹಿಂದೆ ಮತ್ತೊಂದು ತಂಡದ ಹೆಸರು ಅಂಟಿಕೊಂಡಿತು. ಅಭಿಮಾನಿಗಳು ಬಹುಕಾಲ ಪ್ರತಿಭಟಿಸಿದ ಮೇಲೆ ೨೦೨೩ರಲ್ಲಿ ಆ ಅಂಟಿದ ಹೆಸರು ತೊಲಗಿತು. ಆದರೆ ವ್ಯಾಪಾರಸಂಸ್ಥೆಯ ಗುರುತೊಂದು ಅದರ ಸ್ಥಾನದಲ್ಲಿ ಉಳಿಯಿತು. ಜನರ ಕೂಗಿಗೆ ಬಲವುಂಟು, ಆದರೆ ಅರ್ಧ ಬಲವೆಂಬುದಕ್ಕೆ ಇದು ಸಾಕ್ಷಿ.

ಇಷ್ಟರಿಂದ ಜನರ ಒಡೆತನವೊಂದೇ ಸರ್ವರೋಗಕ್ಕೂ ಮದ್ದೆಂದು ಭ್ರಮಿಸಬಾರದು. ಸ್ಪೇನ್ ದೇಶದ ಬಾರ್ಸಿಲೋನಾ ಸಂಘವು ೧೮೯೯ರಲ್ಲಿ ಹುಟ್ಟಿದುದು. ಸದಸ್ಯರೇ ಅದರ ಒಡೆಯರು, ಅಧ್ಯಕ್ಷನನ್ನು ಆರಿಸುವವರೂ ಅವರೇ. ಆದರೂ ಆರಿಸಲ್ಪಟ್ಟವರು ಅಳತೆಮೀರಿ ವೆಚ್ಚಮಾಡಿದುದರಿಂದ ೨೦೨೧ರ ವೇಳೆಗೆ ಅದರ ಸಾಲವು ನೂರು ಕೋಟಿ ಯೂರೋಗಳನ್ನು ದಾಟಿತ್ತು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಸಂಘವನ್ನು ೨೦೧೩ರಲ್ಲಿ ಅಭಿಮಾನಿಗಳು ದಿವಾಳಿಯಿಂದ ಬಿಡಿಸಿ ತಮ್ಮದಾಗಿಸಿಕೊಂಡರು. ೨೦೧೭ರಲ್ಲಿ ಅವರೇ ಮತಕೊಟ್ಟು ಅಮೆರಿಕದ ಧನಿಕನೊಬ್ಬನಿಗೆ ಮಾರಿದರು. ಆದುದರಿಂದ ಒಡೆತನವೆಂದರೆ ಒಂದು ದಿನದ ಉತ್ಸಾಹದಿಂದ ಪಡೆಯುವ ಚೀಟಿಯಲ್ಲ. ವರ್ಷವರ್ಷವೂ ಲೆಕ್ಕ ಕೇಳುವ, ವರ್ಷವರ್ಷವೂ ಲೆಕ್ಕ ಒಪ್ಪಿಸುವ ವ್ರತವಾಗಿದೆ.

ದೂರದ ದೃಷ್ಟಾಂತಗಳು ಸಾಕು. ಪಿರಿಯಾಪಟ್ಟಣದ ಗಡಿಯನ್ನು ದಾಟಿದರೆ ಕೊಡಗು. ಅಲ್ಲಿ ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ನಡುವಣ ಹಾಕಿ ಹಬ್ಬವು ಮೊದಲಾಯಿತು. ಅಂದು ಸೇರಿದ ಮನೆತನಗಳು ೬೦. ೨೦೨೪ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಮನೆತನದವರು ನಡೆಸಿದ ಹಬ್ಬದಲ್ಲಿ ೩೬೦ ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಈ ವೃದ್ಧಿಯು ಹೇಗಾಯಿತು? ಪ್ರತಿವರ್ಷವೂ ಒಂದೊಂದು ಮನೆತನವು ಹಬ್ಬದ ಭಾರವನ್ನು ಹೊರುವುದು. ಆ ವರ್ಷದ ಹಬ್ಬಕ್ಕೆ ಆ ಮನೆತನದ ಹೆಸರು. ಸರಕಾರದ ನೆರವು ಬಂದರೂ ನೊಗವು ಮನೆತನದ ಹೆಗಲಿನ ಮೇಲೆಯೇ ಇರುವುದು. ತಾಯಂದಿರೂ ಹೆಣ್ಣುಮಕ್ಕಳೂ ಮುದುಕರೂ ತಮ್ಮ ಮನೆಯ ತಂಡದಲ್ಲಿ ನಿಂತು ಆಡುವರು. ಅಲ್ಲಿ ನೋಡುವವರು ಬೇರೆ, ಆಡುವವರು ಬೇರೆ, ಒಡೆಯರು ಬೇರೆ ಎಂಬ ಭೇದವೇ ಇಲ್ಲ. ಸರದಿಯಿಂದ ಹೊರುವ ಭಾರವು ಯಾರ ಬೆನ್ನನ್ನೂ ಮುರಿಯುವುದಿಲ್ಲ.

ಕುಸ್ತಿಯಲ್ಲಿಯೂ ಜನರ ಧರ್ಮವು ದೊಡ್ಡ ಫಲವನ್ನು ಕೊಟ್ಟುದುಂಟು. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡೆಗಳಲ್ಲಿ ಕಂಚಿನ ಪದಕವನ್ನು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕವನ್ನು ತಂದ ಖಾಶಾಬಾ ಜಾಧವರು ಮಹಾರಾಷ್ಟ್ರದ ಕರಾಡದ ಬಳಿಯ ಗೋಳೇಶ್ವರ ಗ್ರಾಮದವರು. ಅವರ ಪ್ರಯಾಣಕ್ಕೆ ಊರಿನವರು ಚಂದಾ ಎತ್ತಿದರು; ಅವರು ಓದಿದ ಕೊಲ್ಲಾಪುರದ ಕಾಲೇಜಿನ ಪ್ರಾಂಶುಪಾಲರು ಸ್ವಂತ ಮನೆಯನ್ನು ಒತ್ತೆಯಿಟ್ಟು ಹಣವೊದಗಿಸಿದರು. ಇದು ಪೂಜ್ಯವಾದ ದಾನ. ಆದರೂ ಒಂದು ಮಾತನ್ನು ಯೋಚಿಸಬೇಕು. ಒಬ್ಬ ಮಲ್ಲನಿಗೆ ಕೊಟ್ಟ ದಾನವು ಒಂದು ಪದಕವಾಗುವುದು. ಗರಡಿಗೆ ಕೊಟ್ಟ ಪಾಲು ಮುಂದಿನ ನೂರು ಮಲ್ಲರ ನೆಲವಾಗುವುದು. ಎರಡೂ ಬೇಕು. ಮೊದಲನೆಯದಕ್ಕೆ ಔದಾರ್ಯವು ಸಾಕು. ಎರಡನೆಯದಕ್ಕೆ ವ್ಯವಸ್ಥೆಯು ಬೇಕು.

ಆ ವ್ಯವಸ್ಥೆಯು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ೧೯೦೫ರಲ್ಲಿ ಗದಗದ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಕರ ಸಹಕಾರಿ ಸಂಘವನ್ನು ಸ್ಥಾಪಿಸಿ ಇಡೀ ದೇಶಕ್ಕೆ ದಾರಿ ತೋರಿಸಿದರು. ಹೆಚ್ಚು ಪಾಲು ಕೊಂಡವನಿಗೂ ಒಂದೇ ಮತ, ಒಂದು ಪಾಲು ಕೊಂಡವನಿಗೂ ಒಂದೇ ಮತ ಎಂಬುದು ಸಹಕಾರದ ಮೂಲಸೂತ್ರ. ಈ ಸೀಮೆಯ ಊರೂರಿನಲ್ಲಿಯೂ ಹಾಲಿನ ಸಂಘಗಳಿವೆ; ಬೆಳಗ್ಗೆ ಅರ್ಧ ಲೀಟರು ಹಾಲು ಹಾಕುವ ತಾಯಿಯೂ ಅಲ್ಲಿ ಸದಸ್ಯೆಯಾಗಬಲ್ಲಳು. ಹಾಲಿಗೆ ಸಾಧ್ಯವಾದುದು ಮಣ್ಣಿಗೆ ಏಕೆ ಸಾಧ್ಯವಾಗಬಾರದು?

ಇನ್ನು ಮಾಡತಕ್ಕ ಕಾರ್ಯವೇನೆಂಬುದನ್ನು ಸಂಗ್ರಹವಾಗಿ ನಿವೇದಿಸಬಹುದು. ಮೊದಲನೆಯದಾಗಿ, ಗರಡಿಯಿರುವ ಪ್ರತಿಯೊಂದು ಊರಿನವರೂ ಅದರ ನಿವೇಶನದ ಕಾಗದಪತ್ರಗಳನ್ನು ತೆಗೆದು ನೋಡತಕ್ಕದ್ದು. ಕೊಟ್ಟವರ ಮಕ್ಕಳು ಸದ್ಭಾವದಿಂದಿರುವಾಗಲೇ ಅದನ್ನು ಕ್ರಮಬದ್ಧವಾಗಿ ನೋಂದಾಯಿಸಿದ ಸಂಘದ ಹೆಸರಿಗೆ ಬರೆಯಿಸಿಕೊಳ್ಳತಕ್ಕದ್ದು. ಸಂಘವು ಮುಂದೆ ನಿಂತುಹೋದರೂ ಆಸ್ತಿಯು ಸದಸ್ಯರ ಪಾಲಾಗದೆ ಊರಿನ ಸಾರ್ವಜನಿಕ ಕಾರ್ಯಕ್ಕೇ ಸಲ್ಲಬೇಕೆಂದು ನಿಯಮಾವಳಿಯಲ್ಲಿ ಸ್ಪಷ್ಟಪಡಿಸತಕ್ಕದ್ದು. ಎರಡನೆಯದಾಗಿ, ಮನೆಗೊಂದು ಪಾಲು, ಪಾಲಿಗೊಂದು ಮತ. ಇನ್ನೂರು ಮನೆಗಳ ಊರಿನಲ್ಲಿ ಮನೆಯೊಂದಕ್ಕೆ ದಿನಕ್ಕೆ ಒಂದೇ ರೂಪಾಯಿಯನ್ನು ತೆಗೆದಿಟ್ಟರೆ ವರ್ಷಕ್ಕೆ ೭೩,೦೦೦ ರೂಪಾಯಿಗಳಾಗುವುವು. ಉಸ್ತಾದರಿಗೆ ತಿಂಗಳು ತಿಂಗಳೂ ಗೌರವಧನ, ಎಣ್ಣೆ, ದೀಪ, ಮಾಡಿನ ದುರಸ್ತಿ ಇವುಗಳಿಗೆ ಅದರಿಂದ ಒಂದು ಆಧಾರವಾಗುವುದು. ಹಣವಿಲ್ಲದ ಮನೆಯವರು ತಿಂಗಳಿಗೊಂದು ದಿನ ಮಣ್ಣಿನ ಕೆಲಸ ಮಾಡಿದರೆ ಅದೂ ಪಾಲೇ. ಕಾಯಕವನ್ನು ಹಣಕ್ಕಿಂತ ಕೀಳಾಗಿ ಎಣಿಸುವ ಸಂಪ್ರದಾಯವು ಶರಣರದಲ್ಲ. ಮೂರನೆಯದಾಗಿ, ವರ್ಷಕ್ಕೊಮ್ಮೆ ಜಾತ್ರೆಯ ಸಭೆಯಲ್ಲಿ, ಎಲ್ಲರೂ ಕೇಳುವಂತೆ, ಜಮಾಖರ್ಚನ್ನು ಓದತಕ್ಕದ್ದು. ಲೆಕ್ಕವನ್ನು ಮುಚ್ಚಿಟ್ಟ ಸಂಘವು ಎಷ್ಟು ಭಕ್ತಿಯಿಂದ ಹುಟ್ಟಿದರೂ ಬಾಳಲಾರದು. ನಾಲ್ಕನೆಯದಾಗಿ, ಒಂದೊಂದು ವರ್ಷ ಒಂದೊಂದು ಬೀದಿಯವರು ಭಾರವನ್ನು ಹೊರತಕ್ಕದ್ದು. ನಾಲ್ಕಾರು ಊರುಗಳು ಕೂಡಿ ಒಂದು ಮ್ಯಾಟನ್ನು ಕೊಂಡು ಸರದಿಯಿಂದ ಬಳಸಿಕೊಂಡರೆ ಮಣ್ಣಿನ ಹುಡುಗನೂ ದೇಶದ ಪಂದ್ಯಕ್ಕೆ ಸಿದ್ಧನಾಗುವನು.

ಐದನೆಯದು ಅತ್ಯಂತ ಮುಖ್ಯವಾದುದು. ಊರಿನ ಗರಡಿಯೆಂದ ಮೇಲೆ ಊರಿನವರೆಲ್ಲರಿಗೂ ಅದರ ಬಾಗಿಲು ತೆರೆದಿರಬೇಕು. ಕೇರಿ ಕೇರಿಯ ಭೇದ, ಕುಲದ ಭೇದ, ಹಾಡಿಯವನು ಹಳ್ಳಿಯವನೆಂಬ ಭೇದ ಇವು ಆ ತಗ್ಗಾದ ಬಾಗಿಲಿನ ಹೊರಗೆಯೇ ಉಳಿಯಬೇಕು. ಮಣ್ಣು ಮೆತ್ತಿದ ಮೈಗಳಲ್ಲಿ ಯಾವುದು ಯಾರ ಮಗನದೆಂದು ಮಣ್ಣು ಕೇಳುವುದಿಲ್ಲ. ಹೆಣ್ಣುಮಕ್ಕಳು ಇಂದು ಕುಸ್ತಿಯಲ್ಲಿ ದೇಶಕ್ಕೆ ಕೀರ್ತಿ ತರುತ್ತಿದ್ದಾರೆ. ೨೦೧೬ರ ಒಲಿಂಪಿಕ್ಸಿನಲ್ಲಿ ಸಾಕ್ಷಿ ಮಲಿಕ್ ಎಂಬ ತರುಣಿಯು ಪದಕವನ್ನೇ ಗೆದ್ದುಬಂದಳು. ಅವರಿಗೂ ಹೊತ್ತು ಗೊತ್ತುಮಾಡಿ ಯೋಗ್ಯರಾದ ಶಿಕ್ಷಕಿಯರನ್ನು ಒದಗಿಸಬೇಕು. ಅರ್ಧ ಊರನ್ನು ಹೊರಗಿಟ್ಟ ಸಂಘವು ಸಂಕಟಕಾಲದಲ್ಲಿ ಇಡೀ ಊರಿನ ಸಹಾಯವನ್ನು ಯಾವ ಮುಖದಿಂದ ಬೇಡೀತು?

ಇಲ್ಲಿ ಭಕ್ತರು ಒಂದು ಪ್ರಶ್ನೆಯನ್ನು ಕೇಳುವುದು ಸಹಜವಾಗಿದೆ: 'ಇಷ್ಟೆಲ್ಲ ಪ್ರಯಾಸವೇಕೆ? ಗರಡಿಗಳನ್ನು ಶ್ರೀಮಠವೇ ವಹಿಸಿಕೊಂಡು ನಡೆಸಿದರೆ ಸಾಲದೆ?' ಈ ಮಾತು ಭಕ್ತಿಯಿಂದ ಬಂದುದೇ ಸರಿ. ಆದರೆ ಇದರಲ್ಲಿ ಒಂದು ಆಲಸ್ಯವೂ ಅಡಗಿದೆ. ಅರಸರು ನಡೆಸಿದಾಗ ಊರು ನೋಡುತ್ತಾ ನಿಂತಿತು. ಸರಕಾರವು ನಡೆಸಿದಾಗಲೂ ನೋಡುತ್ತಾ ನಿಂತಿತು. ಮಠವು ನಡೆಸಿದರೂ ನೋಡುತ್ತಲೇ ನಿಲ್ಲುವುದಾದರೆ ಆಶ್ರಯದಾತನ ಹೆಸರು ಬದಲಾಯಿತೇ ಹೊರತು ಊರಿನ ಸ್ಥಿತಿಯು ಬದಲಾಗಲಿಲ್ಲ. ಮಠವು ಮಾಡಬಹುದಾದುದು ಬಹಳವುಂಟು: ಜಾತ್ರೆಯಲ್ಲಿ ಕುಸ್ತಿಗೆ ಒಂದು ದಿನ, ದಾಸೋಹದಲ್ಲಿ ಕಲಿಯುವ ಹುಡುಗರಿಗೆ ಅನ್ನ, ಜಗಳವಾದಲ್ಲಿ ಹಿತವಚನ, ಲೆಕ್ಕ ಓದುವ ಸಭೆಗೆ ಸನ್ನಿಧಿಯ ಸಾಕ್ಷ್ಯ. ಆದರೆ ಒಡೆತನವು ಊರಿನದೇ ಆಗಿರಬೇಕು. ಮಗುವಿಗೆ ನಡೆಯಲು ಕಲಿಸುವ ತಾಯಿಯು ಬೆರಳನ್ನು ಕೊಡುವಳು. ಎತ್ತಿಕೊಂಡೇ ತಿರುಗಿದರೆ ಆ ಮಗುವು ಎಂದು ನಡೆದೀತು? ಮಠಗಳಾದರೂ ಇಷ್ಟು ಕಾಲ ಬಾಳಿಬಂದುದು ಯಾವನೋ ಒಬ್ಬ ಧನಿಕನ ಖಜಾನೆಯಿಂದಲ್ಲ. ಸುಗ್ಗಿಯಲ್ಲಿ ಬೊಗಸೆ ರಾಗಿಯನ್ನೂ ಮಡಿಲು ಭತ್ತವನ್ನೂ ತಂದು ಸುರಿದ ಅಸಂಖ್ಯಾತ ಭಕ್ತರ ಕೈಗಳಿಂದ. ದಾಸೋಹದ ಈ ರಹಸ್ಯವನ್ನು ಬಲ್ಲವರಿಗೆ ಗರಡಿಯ ರಹಸ್ಯವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಮಹೋತ್ಸವವೆಂದರೆ ಕಳೆದುದನ್ನು ಕೊಂಡಾಡುವುದು ಮಾತ್ರವಲ್ಲ, ಮುಂದಿನದಕ್ಕೆ ಬೀಜವಿಡುವುದೂ ಹೌದು. ನೆರೆದ ಭಕ್ತರು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿದ ಮೇಲೆ, ಗರಡಿಯ ಬೀಗದ ಕೈ ಯಾರಲ್ಲಿದೆಯೆಂದು ವಿಚಾರಿಸಲಿ. ಬಾಗಿಲು ತೆರೆಯಿಸಿ, ಗಟ್ಟಿಯಾಗಿ ಹೋದ ಮಣ್ಣಿಗೆ ಒಂದು ಗುದ್ದಲಿಯ ಏಟನ್ನಾದರೂ ಹಾಕಲಿ. ಆ ಮಣ್ಣು ಮತ್ತೆ ಹದವಾಗಲಿ, ಆ ಹದದಲ್ಲಿ ಊರಿನ ಮಕ್ಕಳು ಬಲಿಷ್ಠರೂ ವಿನೀತರೂ ಆಗಲಿ ಎಂದು ಶ್ರೀಗುರುವಿನ ಸನ್ನಿಧಿಯಲ್ಲಿ ಪ್ರಾರ್ಥನೆಯು.